ಒಂದೇ ರೇಟು, ಎರಡು ತೀರ್ಪು: ಟೆಂಡರ್ ಹೊಂದಾಣಿಕೆ ಕುರಿತ ಟಿಪ್ಪಣಿ

ಸ್ಪರ್ಧಾ ಕಾಯ್ದೆ ಓದುವಾಗ ನಾನು ಎಡವಿದ್ದು ಇಲ್ಲೇ. ಮೂರು ಕಂಪನಿಗಳು ಟೆಂಡರಿನಲ್ಲಿ ಒಂದು ಪೈಸೆಯೂ ಆಚೀಚೆ ಆಗದಂತೆ ಒಂದೇ ರೇಟು ಹಾಕಿದವು ಅಂದರೆ ಒಳಗೊಳಗೇ ಮಾತಾಡಿಕೊಂಡಿದ್ದಾರೆ, ಕೇಸು ಮುಗಿಯಿತು ಅಂದುಕೊಂಡಿದ್ದೆ. ಸುಪ್ರೀಂ ಕೋರ್ಟಿನ ಎರಡು ತೀರ್ಪು ಪಕ್ಕಪಕ್ಕ ಇಟ್ಟು ಓದಿದಾಗ ಗೊತ್ತಾಯಿತು, ಅಷ್ಟು ಸುಲಭ ಅಲ್ಲ.

ಮೊದಲು ಕಾನೂನು. 2002ರ ಸ್ಪರ್ಧಾ ಕಾಯ್ದೆಯ 3(3)(ಡಿ) ಬಿಡ್ ರಿಗ್ಗಿಂಗ್ ಬಗ್ಗೆ ಹೇಳುತ್ತದೆ. ಪೈಪೋಟಿ ಮಾಡಬೇಕಾದವರೇ ಕೈ ಜೋಡಿಸಿ ಟೆಂಡರ್ ಕೆಡಿಸಿದ್ದಾರೆ ಅಂತ ಸಾಬೀತಾದರೆ, ಪೈಪೋಟಿಗೆ ಹಾನಿ ಆಗಿದೆ ಅಂತಲೇ ಕಾಯ್ದೆ ಊಹಿಸಿಕೊಳ್ಳುತ್ತದೆ. ಇಲ್ಲ ಅಂತ ತೋರಿಸುವುದು ಕಂಪನಿಗಳ ಹೊಣೆ. ಆದರೆ ಒಪ್ಪಂದ ಇತ್ತು ಅನ್ನುವುದನ್ನು ಮೊದಲು ಈ ಕಾಯ್ದೆ ಜಾರಿ ಮಾಡುವ ಸ್ಪರ್ಧಾ ಆಯೋಗ ತೋರಿಸಬೇಕು. ಜಗಳವೆಲ್ಲ ಇರುವುದು ಅಲ್ಲಿ.

ಮೊದಲ ಕೇಸು ಎಕ್ಸೆಲ್ ಕ್ರಾಪ್ ಕೇರ್, 2017. ಗೋದಾಮಿನ ಧಾನ್ಯಕ್ಕೆ ಹುಳ ಹಿಡಿಯದಂತೆ ಇಡುವ ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆಗೆ ಭಾರತೀಯ ಆಹಾರ ನಿಗಮ 2009ರಲ್ಲಿ ಟೆಂಡರ್ ಕರೆದಿತ್ತು. ಮೂರು ಕಂಪನಿ ಹಾಕಿದ್ದು ಕೆಜಿಗೆ 388 ರೂಪಾಯಿ, ಮೂರದ್ದೂ ಒಂದೇ. ಕಂಪನಿಗಳ ಖರ್ಚು ಬೇರೆ ಬೇರೆ, ರೇಟು ಮಾತ್ರ ಒಂದೇ ಹೇಗೆ? ಹಿಂದಿನ ವರ್ಷಗಳಲ್ಲೂ ಇದೇ ಚಾಳಿ. ಕಂಪನಿಗಳು ಒಂದು ಜಾಣ ವಾದ ಹೂಡಿದವು: ನಾವು ಬಿಡ್ ಹಾಕಿದ್ದು ಮೇ 8ಕ್ಕೆ, ಸೆಕ್ಷನ್ 3 ಜಾರಿಗೆ ಬಂದದ್ದು ಮೇ 20ಕ್ಕೆ. ಕೋರ್ಟು ಒಪ್ಪಲಿಲ್ಲ. ರೇಟಿನ ಚೌಕಾಸಿ ನಡೆದದ್ದು ಜೂನ್‌ನಲ್ಲಿ, ಅಂದರೆ ಕಾನೂನು ಬಂದ ಮೇಲೂ ಟೆಂಡರ್ ಮುಗಿದಿರಲಿಲ್ಲ. ಕಂಪನಿಗಳು ಸೋತವು.

ಎರಡನೆಯದು ರಾಜಸ್ಥಾನ್ ಸಿಲಿಂಡರ್ಸ್, 2018. ಇಂಡಿಯನ್ ಆಯಿಲ್‌ನ 2010ರ ಎಲ್‌ಪಿಜಿ ಸಿಲಿಂಡರ್ ಟೆಂಡರ್. ಇಲ್ಲೂ ಒಂದೇ ಥರದ ರೇಟು. ಸಾಲದ್ದಕ್ಕೆ ಬಿಡ್ ಸಲ್ಲಿಸುವ ಮುಂಚಿನ ಎರಡು ದಿನ ಮುಂಬೈನ ಹೋಟೆಲೊಂದರಲ್ಲಿ ತಯಾರಕರ ಸಭೆ! ಆಯೋಗ 45 ಕಂಪನಿಗಳಿಗೆ ದಂಡ ಹಾಕಿತು. ಆದರೆ ಸುಪ್ರೀಂ ಕೋರ್ಟು ಎಲ್ಲರನ್ನೂ ಬಿಟ್ಟಿತು. ಯಾಕೆ?

ಮಾರುಕಟ್ಟೆ ನೋಡಿ. ಈ ಸಿಲಿಂಡರ್ ಕೊಳ್ಳುವವರು ಸರ್ಕಾರಿ ತೈಲ ಕಂಪನಿಗಳು, ಅದೂ ಮೂರೇ. ಅವರು ಕೊಳ್ಳದಿದ್ದರೆ ತಯಾರಕ ಅಂಗಡಿ ಮುಚ್ಚಬೇಕು. ಹಿಂದಿನ ರೇಟು ಎಲ್ಲರಿಗೂ ಗೊತ್ತು. ಕಡಿಮೆ ರೇಟಿನವನ ಜೊತೆ ಚೌಕಾಸಿ ಮಾಡಿ, ಅದೇ ರೇಟಿಗೆ ಉಳಿದವರಿಗೂ ಆರ್ಡರ್ ಹಂಚುವುದು ಕೊಳ್ಳುವವರ ಪದ್ಧತಿ. ಇಂಥ ಕಡೆ ಯಾರೂ ಮಾತಾಡದಿದ್ದರೂ ರೇಟುಗಳು ಹತ್ತಿರ ಹತ್ತಿರ ಬಂದು ನಿಲ್ಲುತ್ತವೆ. ಹೋಟೆಲಿನ ಸಭೆಗೂ ಆರೋಪ ಹೊತ್ತವರೆಲ್ಲ ಹೋಗಿರಲಿಲ್ಲ. ನನಗಂತೂ ಆ ಸಭೆ ಈಗಲೂ ಗಂಟಲಲ್ಲಿ ಸಿಕ್ಕಿಕೊಂಡ ಹಾಗಿದೆ. ಆದರೂ ಪರೀಕ್ಷೆಯಲ್ಲಿ ಬರೆಯಬೇಕಾದದ್ದು ಇದು: ಒಂದೇ ರೇಟು ಅನುಮಾನಕ್ಕೆ ದಾರಿ. ಆ ರೇಟಿಗೆ ಒಪ್ಪಂದ ಬಿಟ್ಟು ಬೇರೆ ನಂಬುವಂಥ ಕಾರಣ ಇದೆಯಾ ಅನ್ನುವುದು ಪ್ರಶ್ನೆ. ತಮಾಷೆ ಅಂದರೆ ಎರಡೂ ತೀರ್ಪಿನ ಪೀಠದಲ್ಲಿ ನ್ಯಾಯಮೂರ್ತಿ ಎ.ಕೆ. ಸಿಕ್ರಿ ಇದ್ದರು.

ಇನ್ನು ದಂಡ. ಎಕ್ಸೆಲ್ ಕೇಸಿನಲ್ಲೇ ಕೋರ್ಟು, ತಪ್ಪು ನಡೆದ ಸರಕಿನ ವಹಿವಾಟಿನ ಮೇಲೆ ಮಾತ್ರ ದಂಡ ಲೆಕ್ಕ ಹಾಕಿ ಅಂದಿತು. ಆ ಮೂರು ಕಂಪನಿಗಳಲ್ಲಿ ಒಂದಾದ ಯುನೈಟೆಡ್ ಫಾಸ್ಫರಸ್‌ನ 252 ಕೋಟಿಯ ದಂಡ 7 ಕೋಟಿಯ ಆಸುಪಾಸಿಗೆ ಇಳಿಯಿತು. 2023ರ ತಿದ್ದುಪಡಿ ಇದನ್ನು ತಿರುಗಿಸಿತು. ಈಗ ವಹಿವಾಟು ಅಂದರೆ ಜಗತ್ತಿನಾದ್ಯಂತದ, ಎಲ್ಲ ಸರಕಿನ ವಹಿವಾಟು. 2024ರ ಮಾರ್ಚ್‌ನಿಂದ ಜಾರಿ. ಹಳೆಯ ಗೈಡ್ ಓದುವವರು ಇಲ್ಲಿ ಹುಷಾರು. ಇನ್ನೊಂದು: ಹೊಂದಾಣಿಕೆ ಮಾಡಿದ್ದಕ್ಕೆ ಈ ಕಾಯ್ದೆಯಲ್ಲಿ ಜೈಲಿಲ್ಲ. ಅಮೆರಿಕದ ಶರ್ಮನ್ ಕಾಯ್ದೆಯಲ್ಲಿ 10 ವರ್ಷದವರೆಗೂ ಇದೆ.

ಒಳಗಿನವರೇ ಬಾಯಿ ಬಿಡಲಿ ಅಂತ ಸೆಕ್ಷನ್ 46ರಲ್ಲಿ ದಂಡ ರಿಯಾಯಿತಿ ಇಟ್ಟಿದ್ದಾರೆ. ಆಯೋಗ ಇದನ್ನು ಮೊದಲು ಕೊಟ್ಟದ್ದು 2017ರಲ್ಲಿ, ರೈಲ್ವೆ ಫ್ಯಾನ್ ಟೆಂಡರಿನ ಕೇಸಿನಲ್ಲಿ. ಒಪ್ಪಿಕೊಂಡ ಕಂಪನಿಗೆ 75% ಮಾಫಿ. ಪೂರ್ತಿ ಸಿಗಲಿಲ್ಲ, ಯಾಕೆಂದರೆ ಅದು ಬರುವ ಹೊತ್ತಿಗೆ ಆಯೋಗದ ಕೈಯಲ್ಲಿ ಆಗಲೇ ಒಂದಷ್ಟು ಸಾಕ್ಷ್ಯ ಇತ್ತು.