ಈಗಿಲ್ಲದ ಬೆಟ್ಟದ ಮಣ್ಣು

ಹೋದ ಬೇಸಿಗೆಯಲ್ಲಿ ಯಜಮಾನರೊಬ್ಬರು ಬೋರ್‌ವೆಲ್ ಪಾಯಿಂಟ್ ನೋಡೋಕೆ ಕರೆದಿದ್ದರು. ಶಿವಮೊಗ್ಗದಿಂದ ಉತ್ತರಕ್ಕೆ, ಮಲೆನಾಡಿನ ಸೆರಗು ಮುಗಿದು ಬಯಲು ಶುರುವಾಗುವ ಕಡೆ ಅವರ ಜಮೀನು. ಹಳೇ ಬಾವಿಯ ಪಕ್ಕ ಬಿದ್ದಿದ್ದ ಬೂದು ಕಲ್ಲೊಂದನ್ನು ಎತ್ತಿಕೊಂಡು ತೊಳೆದೆ. "ಅದ್ರಲ್ಲೇನಿದೆ ಸಾರ್, ಸುಮ್ನೆ ಕಲ್ಲು" ಎಂದರು. ಒದ್ದೆಯಾದ ಕೂಡಲೇ ಪದರಗಳು ಎದ್ದು ಕಂಡವು. ಒಂದು ಗೇಣಿನ ಕಲ್ಲಿನಲ್ಲಿ ನಾಲ್ಕು ಪದರ. ಪ್ರತಿಯೊಂದರಲ್ಲೂ ಒಂದು ಅಂಚಿಗೆ ಒರಟು ಮರಳು, ಇನ್ನೊಂದು ಅಂಚಿಗೆ ಹೋಗ್ತಾ ಹೋಗ್ತಾ ನುಣ್ಣನೆ ಜೇಡಿ. ಮತ್ತೆ ಒರಟು, ಮತ್ತೆ ನುಣುಪು.

ಮಳೆಗಾಲದ ತುಂಗೆಯ ನೀರನ್ನು ಬಾಟಲಿಯಲ್ಲಿ ಹಿಡಿದು, ಕುಲುಕಿ ಇಟ್ಟು ನೋಡಿ. ಮೊದಲು ಮರಳು ತಳ ಸೇರುತ್ತದೆ, ಕೊನೆಗೆ ಜೇಡಿ. ಈ ಕಲ್ಲಿನಲ್ಲಿ ಆಗಿರುವುದೂ ಅದೇ, ಬಾಟಲಿಯ ಜಾಗದಲ್ಲಿ ಸಮುದ್ರ ಅಷ್ಟೇ. ಸಮುದ್ರದೊಳಗಿನ ಇಳಿಜಾರಿನಲ್ಲಿ ಕೂತ ಮಣ್ಣು ಭೂಕಂಪಕ್ಕೋ ತನ್ನದೇ ಭಾರಕ್ಕೋ ಕುಸಿದು, ಕೆಸರಿನ ಪ್ರವಾಹವಾಗಿ ಆಳಕ್ಕೆ ನುಗ್ಗುತ್ತದೆ. 1929ರಲ್ಲಿ ಕೆನಡಾದ ತೀರದಾಚೆ ಭೂಕಂಪವಾದಾಗ ಇಂಥದೇ ಪ್ರವಾಹ ಸಮುದ್ರ ತಳದ ಟೆಲಿಗ್ರಾಫ್ ಕೇಬಲ್‌ಗಳನ್ನು ಒಂದಾದ ಮೇಲೊಂದರಂತೆ ಕಡಿದುಹಾಕಿತ್ತು. ಯಾವ ಕೇಬಲ್ ಎಷ್ಟು ಹೊತ್ತಿಗೆ ತುಂಡಾಯಿತು ಅನ್ನೋದನ್ನು ಇಟ್ಟುಕೊಂಡೇ ಆಮೇಲೆ ಅದರ ವೇಗ ಲೆಕ್ಕ ಹಾಕಿದರು. ಒಂದು ಕುಸಿತಕ್ಕೆ ಒಂದು ಪದರ. ನನ್ನ ಕೈಲಿದ್ದದ್ದು ನಾಲ್ಕು ಕುಸಿತದ ಕಲ್ಲು.

ಇದಕ್ಕೆ ನಾವು ಭೂವಿಜ್ಞಾನಿಗಳು ಗ್ರೇವ್ಯಾಕ್ ಅನ್ನುತ್ತೇವೆ. ರಾಣೆಬೆನ್ನೂರಿನ ಕಡೆಗೆ ಇದರ ದೊಡ್ಡ ಹಾಸು ಇದೆ. ವಯಸ್ಸು ಸುಮಾರು 260 ಕೋಟಿ ವರ್ಷ. ಲೆನ್ಸ್ ಹಿಡಿದು ನೋಡಿದರೆ ಮರಳಿನ ಕಾಳುಗಳು ಚೂಪುಚೂಪಾಗಿವೆ. ಹೊಳೆಯಲ್ಲಿ ದೂರ ಉರುಳಿ ಬಂದಿದ್ದರೆ ಮೂಲೆ ಸವೆದು ದುಂಡಗಾಗಬೇಕಿತ್ತು. ಜೊತೆಗೆ ಫೆಲ್ಡ್‌ಸ್ಪಾರ್ ಕಾಳುಗಳಿವೆ. ಫೆಲ್ಡ್‌ಸ್ಪಾರ್ ಅಂದರೆ ಮಳೆಗೆ ಸಿಕ್ಕರೆ ಕೊಳೆತು ಜೇಡಿಯಾಗುವ ಖನಿಜ. ಇಲ್ಲಿ ಅದು ಕೊಳೆಯುವ ಮೊದಲೇ ಹೂತುಹೋಗಿದೆ. ಅಂದರೆ ಬೆಟ್ಟ ಹತ್ತಿರದಲ್ಲೇ ಇತ್ತು, ಕಡಿದಾಗಿತ್ತು, ಮಣ್ಣು ಬೇಗ ಬೇಗ ಇಳಿದು ಬಂತು. ಜ್ವಾಲಾಮುಖಿ ಕಲ್ಲಿನ ಚೂರುಗಳೂ ಇದರಲ್ಲಿ ಸಿಗುತ್ತವೆ.

ಆ ಬೆಟ್ಟ ಈಗಿಲ್ಲ. ಅದು ಹೇಗಿದ್ದಿರಬಹುದು ಅಂತ ತಿಳಿಯೋಕೆ ಅಂಡಮಾನ್ ನೋಡಬೇಕು. ಭೂಮಿಯ ಗಟ್ಟಿ ಹೊರಚಿಪ್ಪು ದೊಡ್ಡ ದೊಡ್ಡ ತುಂಡುಗಳಾಗಿ ನಿಧಾನಕ್ಕೆ ಸರಿಯುತ್ತಿರುತ್ತದೆ, ಆ ತುಂಡುಗಳೇ ಫಲಕಗಳು. ಅಲ್ಲಿ ಬಂಗಾಳ ಕೊಲ್ಲಿಯ ತಳ ಹೊತ್ತ ನಮ್ಮ ಫಲಕ ಪೂರ್ವದ ಫಲಕದ ಕೆಳಗೆ ನುಗ್ಗುತ್ತಿದೆ. ನುಗ್ಗುವಾಗ ಮೇಲಿನ ಮಣ್ಣೆಲ್ಲ ಒಳಗೆ ಹೋಗಲ್ಲ, ಎದುರಿನ ಅಂಚು ಒಂದಷ್ಟನ್ನು ಕೆರೆದುಹಾಕುತ್ತದೆ. ಜೆಸಿಬಿ ಬಕೆಟ್ಟಿನ ಮುಂದೆ ಮಣ್ಣು ಮಡಿಕೆ ಮಡಿಕೆಯಾಗಿ ಗುಡ್ಡೆ ಬೀಳುತ್ತಲ್ಲ, ಹಾಗೆ. ಅಂಡಮಾನ್ ದ್ವೀಪಗಳ ಹೆಚ್ಚಿನ ಭಾಗ ಅಂಥ ಗುಡ್ಡೆಯೇ. ಪೂರ್ವಕ್ಕೆ ಹೋದರೆ ಒಂದು ತಗ್ಗು, ಆಮೇಲೆ ಬ್ಯಾರನ್ ದ್ವೀಪದ ಜೀವಂತ ಜ್ವಾಲಾಮುಖಿ, ಅದರಾಚೆ ಅಂಡಮಾನ್ ಸಮುದ್ರದ ಇನ್ನೊಂದು ತಗ್ಗು. ಗುಡ್ಡ, ತಗ್ಗು, ಗುಡ್ಡ, ತಗ್ಗು. ಗುಡ್ಡ ಎದ್ದ ಹಾಗೇ ಪಕ್ಕದಲ್ಲಿ ತಗ್ಗು ಆಗುತ್ತದೆ, ಗುಡ್ಡ ಸವೆದ ಹಾಗೇ ಅದು ತುಂಬುತ್ತದೆ. 2004ರ ಸುನಾಮಿ ಎದ್ದದ್ದೂ ಇದೇ ಸಾಲಿನಲ್ಲಿ, ಸುಮಾತ್ರಾದ ಹತ್ತಿರ.

ಜ್ವಾಲಾಮುಖಿ ಯಾಕೆ ಅಂತ ಬಹಳ ಜನ ಕೇಳುತ್ತಾರೆ. ಫಲಕ ಫಲಕ ಉಜ್ಜಿ ಬಿಸಿಯಾಗಿ ಅಂದುಕೊಳ್ಳುತ್ತಾರೆ. ನಿಜವಾದ ಕಾರಣ ನೀರು. ಒಣ ಬಾಣಲೆಗೆ ಬೆಲ್ಲದ ಉಂಡೆ ಹಾಕಿ ಒಲೆಗಿಟ್ಟರೆ ಕರಗೋ ಮೊದಲೇ ತಳ ಹತ್ತುತ್ತದೆ. ಅದಕ್ಕೆ ಸ್ವಲ್ಪ ನೀರು ಚಿಮುಕಿಸಿ, ಅದೇ ಉರಿಯಲ್ಲಿ ಪಾಕವಾಗುತ್ತದೆ. ಮುಳುಗುವ ಫಲಕದ ಖನಿಜಗಳಲ್ಲಿ ನೀರು ಸೇರಿಕೊಂಡಿರುತ್ತದೆ. ಸುಮಾರು 100 ಕಿಲೋಮೀಟರ್ ಆಳಕ್ಕೆ ಹೋಗುವಷ್ಟರಲ್ಲಿ ಅದು ಬಿಟ್ಟುಕೊಂಡು ಮೇಲಿನ ಬಿಸಿ ಕಲ್ಲಿಗೆ ಹೋಗುತ್ತದೆ. ನೀರು ಸೋಕಿದ ಕಲ್ಲು ಕಡಿಮೆ ಬಿಸಿಗೇ ಕರಗುತ್ತದೆ. ಅದಕ್ಕೇ ಜ್ವಾಲಾಮುಖಿಗಳು ಅಂಚಿನಲ್ಲೇ ಇರಲ್ಲ, ಒಂದಷ್ಟು ಒಳಗೆ ಸಾಲಾಗಿ ನಿಂತಿರುತ್ತವೆ.

ನಮ್ಮ ಗ್ರೇವ್ಯಾಕ್ ಇಂಥದೇ ಸಾಲಿನ ಪಕ್ಕದ ತಗ್ಗಿನಲ್ಲಿ ತುಂಬಿದ್ದು ಅಂತ ಬಹಳ ಭೂವಿಜ್ಞಾನಿಗಳ ಅಭಿಪ್ರಾಯ. ಎಲ್ಲರೂ ಒಪ್ಪಲ್ಲ. ಆಗ ಭೂಮಿ ಒಳಗೆ ಈಗಿಗಿಂತ ಜಾಸ್ತಿ ಬಿಸಿ ಇತ್ತು, ಫಲಕಗಳು ಇವತ್ತಿನ ಹಾಗೆ ಮುಳುಗುತ್ತಿದ್ದವೇ ಅನ್ನೋದೇ ಅವರ ಅನುಮಾನ. ನಾನು ಮುಳುಗುತ್ತಿದ್ದವು ಅನ್ನೋರ ಕಡೆ.

ಬಾವಿಯ ಗೋಡೆಯಲ್ಲಿ ಈ ಪದರಗಳು ಕಪಾಟಿನ ಪುಸ್ತಕದ ಹಾಗೆ ನೆಟ್ಟಗೆ ನಿಂತಿದ್ದವು. ತಳದಲ್ಲಿ ಮಲಗಿದ್ದ ಕೆಸರು ಒತ್ತಡಕ್ಕೆ ಸಿಕ್ಕಿ ಮಡಿಚಿಕೊಂಡು ಎದ್ದು ನಿಂತಿದೆ. ಅದನ್ನು ತೋರಿಸಿದಾಗ ಯಜಮಾನರು ಕೇಳಿದ್ದು: "ಹಂಗಾದ್ರೆ ನಮ್ಮ ಆಗುಂಬೆ ಘಟ್ಟವೂ ಹಿಂಗೇ ಗುದ್ದಿ ಎದ್ದಿದ್ದಾ?"

ಅಲ್ಲ. ಘಟ್ಟದ ಕಲ್ಲು ಹಳೇದು, ಘಟ್ಟ ಹೊಸದು. ಸುಮಾರು 9 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮಿಂದ ಹರಿದುಕೊಂಡು ಹೋಯಿತು. ಮಲ್ಪೆಯ ಸೇಂಟ್ ಮೇರಿಸ್ ದ್ವೀಪದ ಕಂಬದಂಥ ಕಲ್ಲುಗಳು ಆ ಕಾಲದ ಲಾವಾ. ಹರಿದ ಅಂಚನ್ನು ಹೊಳೆಗಳು ಕೊರೆದು ಕೊರೆದು ಪೂರ್ವಕ್ಕೆ ತಳ್ಳಿಕೊಂಡು ಬಂದಿವೆ, ಆ ಅಂಚೇ ಘಟ್ಟ. ಹಿಮಾಲಯ ಎರಡು ಫಲಕ ಗುದ್ದಿ ಎದ್ದದ್ದು, ಸಹ್ಯಾದ್ರಿ ಒಂದು ನೆಲ ಹರಿದು ಉಳಿದದ್ದು. ಶಾಲೆಯ ಪಾಠದಲ್ಲಿ ಎರಡನ್ನೂ ಪರ್ವತ ಅಂತ ಒಂದೇ ಉಸಿರಿಗೆ ಹೇಳಿಬಿಡುತ್ತಾರೆ, ಗೊಂದಲ ಅಲ್ಲೇ ಶುರು.

ಯಜಮಾನರು ಎಲ್ಲ ಕೇಳಿಸಿಕೊಂಡರು. "ಕೋಟಿ ವರ್ಷದ ಕತೆ ಇರ್ಲಿ ಮಾರಾಯ್ರೆ, ನೀರು ಎಲ್ಲಿ?" ಎಂದರು. ಗ್ರೇವ್ಯಾಕ್ ಗಟ್ಟಿ, ಕಾಳುಗಳ ಮಧ್ಯೆ ನೀರು ನಿಲ್ಲೋಕೆ ಜಾಗವಿಲ್ಲ. ಸಿಕ್ಕರೆ ಬಿರುಕಿನಲ್ಲೇ ಸಿಗಬೇಕು. ಬಾವಿಯಿಂದ ಸ್ವಲ್ಪ ದೂರದಲ್ಲಿ ನೆಟ್ಟಗೆ ನಿಂತ ಪದರಗಳನ್ನು ಅಡ್ಡ ಸೀಳಿಕೊಂಡು ಬಿಳೀ ಬೆಣಚುಕಲ್ಲಿನ ಎಳೆಯೊಂದು ಹಾದಿತ್ತು. ಕಲ್ಲು ಒಡೆದ ಜಾಗ ಅದೇ. ಅಲ್ಲಿ ಗೂಟ ಹೊಡೆಸಿದೆ.