ಲಗೇಜ್ ಪಟ್ಟಿಯ ಮೂರು ಅಕ್ಷರ: ವಿಮಾನ ನಿಲ್ದಾಣ, ಉದ್ಯಮ ಸಂಘ ಕುರಿತ ಅಧ್ಯಯನ ಟಿಪ್ಪಣಿ

ವಿರಾಜಪೇಟೆ ಹತ್ತಿರ ನಮ್ಮದು ಎರಡು ರೂಮಿನ ಹೋಂಸ್ಟೇ. ಹೋದ ಡಿಸೆಂಬರ್‌ನಲ್ಲಿ ಅತಿಥಿಗಳು ಹೊರಟ ಮೇಲೆ ರೂಮು ಗುಡಿಸುವಾಗ ಮಂಚದ ಕೆಳಗೆ ಒಂದು ಬಿಳಿ ಪಟ್ಟಿ ಸಿಕ್ಕಿತು. ವಿಮಾನಕ್ಕೆ ಹಾಕುವ ಲಗೇಜಿಗೆ ಸುತ್ತುತ್ತಾರಲ್ಲ, ಅದು. ದಪ್ಪಕ್ಷರದಲ್ಲಿ ಸಿಎನ್‌ಎನ್, ಒಂದು ಬಾರ್‌ಕೋಡ್, ಜೊತೆಗೆ 10 ಅಂಕಿಯ ನಂಬರ್. ಸಿಎನ್‌ಎನ್ ಅಂದರೆ ಕಣ್ಣೂರು. ಎಸೆಯಲು ಮನಸ್ಸು ಬರಲಿಲ್ಲ, ನೋಟ್ಸ್ ಪುಸ್ತಕಕ್ಕೆ ಅಂಟಿಸಿಕೊಂಡೆ.

ನಮ್ಮ ಪಠ್ಯದಲ್ಲಿ ‘ವಿಮಾನ ನಿಲ್ದಾಣದ ಪಾತ್ರ’ ಒಂದು ಪಾಠ, ‘ಒಳ್ಳೆಯ ಉದ್ಯಮ ಸಂಘದ ಲಕ್ಷಣಗಳು’ ಇನ್ನೊಂದು. ಇವೆರಡನ್ನು ಒಂದೇ ಘಟಕದಲ್ಲಿ ಯಾಕೆ ಇಟ್ಟರೋ ಅಂತ ನನಗೆ ಹೊಳೆದಿರಲಿಲ್ಲ. ಈ ಪಟ್ಟಿಯಿಂದ ಸ್ವಲ್ಪ ಅರ್ಥವಾಯಿತು. ಆ ಮೂರು ಅಕ್ಷರ ಕೊಟ್ಟಿದ್ದು ಸರ್ಕಾರ ಅಲ್ಲ, ನಿಲ್ದಾಣವೂ ಅಲ್ಲ. ಏರ್‌ಲೈನ್‌ಗಳು ಸೇರಿ ಕಟ್ಟಿಕೊಂಡ ಐಎಟಿಎ ಎಂಬ ಸಂಘ. ಆ ವಿಷಯಕ್ಕೆ ಆಮೇಲೆ ಬರೋಣ. ಮೊದಲು ನಿಲ್ದಾಣ.

ನಿಲ್ದಾಣವೂ ಒಂದು ಕಣ

ಕೊಡಗಿನವರಿಗೆ ಇದನ್ನು ಕಾಫಿ ಕಣ ಇಟ್ಟುಕೊಂಡು ಹೇಳಿದರೆ ಬೇಗ ತಲೆಗೆ ಹೋಗುತ್ತದೆ. ಕಣದಲ್ಲಿ ಕಾಫಿ ಬೆಳೆಯುವುದಿಲ್ಲ. ಆದರೆ ಕೊಯ್ದ ಹಣ್ಣು ಕಣಕ್ಕೆ ಬಂದು ಒಣಗದೆ ಮೂಟೆ ಕಟ್ಟುವ ಹಾಗಿಲ್ಲ. ವಿಮಾನ ನಿಲ್ದಾಣವೂ ಹಾಗೆ. ತಾನು ಯಾರನ್ನೂ ಎಲ್ಲಿಗೂ ಕರೆದುಕೊಂಡು ಹೋಗುವುದಿಲ್ಲ. ಹೋಗುವವರು, ಕರೆದುಕೊಂಡು ಹೋಗುವವರು ಸೇರುವ ಜಾಗ ಅದು.

ಅಲ್ಲಿ ಯಾರ್ಯಾರು ಕೆಲಸ ಮಾಡುತ್ತಾರೆ ಅಂತ ಒಮ್ಮೆ ಎಣಿಸಿ. ಬೆಂಗಳೂರಿನ ದೇವನಹಳ್ಳಿ ನಿಲ್ದಾಣ 2008ರ ಮೇ 24ರಂದು ಶುರುವಾಯಿತು. ಅದನ್ನು ನಡೆಸುವುದು ಖಾಸಗಿ ಪಾಲು ಜಾಸ್ತಿ ಇರುವ ಒಂದು ಕಂಪನಿ. ಆದರೆ ವಿಮಾನಗಳಿಗೆ ಆಕಾಶದಲ್ಲಿ ದಾರಿ ಹೇಳುವುದು ಕೇಂದ್ರದ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ, ಅಂದರೆ ಎಎಐ. ಭದ್ರತೆ ನೋಡುವವರು ಸಿಐಎಸ್‌ಎಫ್ ಸಿಬ್ಬಂದಿ. ಕಸ್ಟಮ್ಸ್, ಇಮಿಗ್ರೇಷನ್ ಬೇರೆ ಬೇರೆ ಇಲಾಖೆಯವರು. ಲಗೇಜ್ ಇಳಿಸುವವರು ಇನ್ನೊಂದು ಕಂಪನಿ, ಇಂಧನ ತುಂಬಿಸುವವರು ಮತ್ತೊಂದು. ನಮಗೆ ಮಾತ್ರ ಎಲ್ಲವೂ ಒಂದೇ ‘ಏರ್‌ಪೋರ್ಟ್’. ಲಗೇಜ್ ತಡವಾದರೂ ಏರ್‌ಪೋರ್ಟನ್ನೇ ಬೈಯುತ್ತೇವೆ.

ದುಡ್ಡಿನ ವಿಷಯ ಪರೀಕ್ಷೆಗೆ ಖಂಡಿತ ಬರುತ್ತದೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಿ. ನಿಲ್ದಾಣಕ್ಕೆ ಎರಡು ಕಡೆಯಿಂದ ಆದಾಯ. ವಿಮಾನ ಇಳಿದದ್ದಕ್ಕೆ, ನಿಂತದ್ದಕ್ಕೆ ಏರ್‌ಲೈನ್ ಕೊಡುವ ಶುಲ್ಕ, ನಮ್ಮ ಟಿಕೆಟ್‌ನಲ್ಲೇ ಸೇರಿರುವ ಯುಡಿಎಫ್ (ಬಳಕೆದಾರರ ಅಭಿವೃದ್ಧಿ ಶುಲ್ಕ) ಒಂದು ಕಡೆ. ಅಂಗಡಿ ಬಾಡಿಗೆ, ಪಾರ್ಕಿಂಗ್, ಜಾಹೀರಾತು ಇನ್ನೊಂದು ಕಡೆ. ಬೇರೆ ನಿಲ್ದಾಣಕ್ಕೆ ಹೋಗುತ್ತೇನೆ ಅಂತ ಪ್ರಯಾಣಿಕ ಸುಲಭವಾಗಿ ಹೇಳುವಂತಿಲ್ಲವಲ್ಲ, ಹಾಗಾಗಿ ಮೊದಲನೆಯ ಕಡೆಗೆ ಕಡಿವಾಣ ಬೇಕು. 2008ರ ಕಾಯ್ದೆಯಿಂದ ಹುಟ್ಟಿದ ಎಇಆರ್‌ಎ ಎಂಬ ಪ್ರಾಧಿಕಾರ ದೊಡ್ಡ ನಿಲ್ದಾಣಗಳ ದರ ಗೊತ್ತು ಮಾಡುತ್ತದೆ. 2019ರ ತಿದ್ದುಪಡಿ ಆದ ಮೇಲೆ ‘ದೊಡ್ಡದು’ ಅಂದರೆ ವರ್ಷಕ್ಕೆ 35 ಲಕ್ಷಕ್ಕಿಂತ ಜಾಸ್ತಿ ಪ್ರಯಾಣಿಕರು ಇರುವಂಥದ್ದು. 2016ರ ನಾಗರಿಕ ವಿಮಾನಯಾನ ನೀತಿಯ ಪ್ರಕಾರ ಅಂಗಡಿ-ಪಾರ್ಕಿಂಗ್ ಆದಾಯದ ಶೇ. 30ರಷ್ಟನ್ನು ಈ ಶುಲ್ಕ ಇಳಿಸಲು ಲೆಕ್ಕಕ್ಕೆ ಹಿಡಿಯುತ್ತಾರೆ. ಇದಕ್ಕೆ ‘ಹೈಬ್ರಿಡ್ ಟಿಲ್’ ಅಂತ ಹೆಸರು. ಪಾರ್ಕಿಂಗ್‌ನಲ್ಲಿ 100 ರೂಪಾಯಿ ಬಂದರೆ ಅದರಲ್ಲಿ 30 ರೂಪಾಯಿಯಷ್ಟು ಭಾರ ವಿಮಾನದ ಶುಲ್ಕದಿಂದ ಇಳಿಯುತ್ತದೆ, ಅಷ್ಟೇ. ಪುಸ್ತಕದಲ್ಲಿ ಇದನ್ನೇ ಒಂದೂವರೆ ಪುಟ ಎಳೆದಿದ್ದಾರೆ.

ಮೈಸೂರಿಗೆ ಉದ್ದ ಸಾಲದು, ಕಣ್ಣೂರಿಗೆ ಕಾಗದ ಸಾಲದು

ಕೊಡಗಿನಲ್ಲಿ ರೈಲೂ ಇಲ್ಲ, ವಿಮಾನವೂ ಇಲ್ಲ. ಆದ್ದರಿಂದಲೇ ನಿಲ್ದಾಣದ ಪಾತ್ರ ಏನು ಎಂಬುದು ನಮಗೆ ಸುತ್ತಲಿನ ನಿಲ್ದಾಣಗಳನ್ನು ನೋಡಿದರೆ ಚೆನ್ನಾಗಿ ತಿಳಿಯುತ್ತದೆ.

ಮೈಸೂರಿನ ಮಂಡಕಳ್ಳಿ ನಿಲ್ದಾಣದ ರನ್‌ವೇ 1,740 ಮೀಟರ್. ಎಪ್ಪತ್ತು ಸೀಟಿನ ಎಟಿಆರ್ ವಿಮಾನಕ್ಕೆ ಇಷ್ಟು ಸಾಕು. ಏರ್‌ಬಸ್ 320, ಬೋಯಿಂಗ್ 737 ಥರದ ಜೆಟ್‌ಗಳು ತುಂಬಿದ ಹೊರೆ ಹೊತ್ತು ಹಾರಲು ಸಾಲದು. ಮೈಸೂರು ಸಮುದ್ರ ಮಟ್ಟದಿಂದ 700 ಮೀಟರ್‌ಗಿಂತ ಮೇಲಿದೆ. ಎತ್ತರ ಹೆಚ್ಚಿದಂತೆ, ಬಿಸಿಲು ಹೆಚ್ಚಿದಂತೆ ಗಾಳಿ ತೆಳುವಾಗುತ್ತದೆ. ವಿಮಾನ ಏಳಲು ಇನ್ನೂ ಉದ್ದಕ್ಕೆ ಓಡಬೇಕಾಗುತ್ತದೆ. ಸಣ್ಣ ವಿಮಾನದಲ್ಲಿ ಸೀಟು ಕಡಿಮೆ, ಹಾಗಾಗಿ ಒಬ್ಬೊಬ್ಬರ ತಲೆ ಮೇಲೆ ಬೀಳುವ ಖರ್ಚು ಜಾಸ್ತಿ. ಇದನ್ನು ತುಂಬಲೆಂದೇ 2016ರಲ್ಲಿ ಉಡಾನ್ ಯೋಜನೆ ಬಂದಿದ್ದು. ಶುರುವಿನಲ್ಲಿ ಒಂದು ಗಂಟೆಯ ಹಾರಾಟದ ಕೆಲವು ಸೀಟುಗಳಿಗೆ ಸುಮಾರು 2,500 ರೂಪಾಯಿ ಮಿತಿ ಇತ್ತು, ನಷ್ಟದ ಭಾಗವನ್ನು ಸರ್ಕಾರ ತುಂಬಿಕೊಡುತ್ತದೆ. ಮೈಸೂರಿಗೂ ಉಡಾನ್ ವಿಮಾನ ಬಂದವು, ಕೆಲವು ನಿಂತವು.

ಕಣ್ಣೂರಿನ ಕಥೆ ಉಲ್ಟಾ. 2018ರ ಡಿಸೆಂಬರ್ 9ರಂದು ಮಟ್ಟನ್ನೂರಿನಲ್ಲಿ ತೆರೆದ ಈ ನಿಲ್ದಾಣದ ರನ್‌ವೇ 3,050 ಮೀಟರ್. ವಿರಾಜಪೇಟೆಯಿಂದ ಸುಮಾರು 60 ಕಿಲೋಮೀಟರ್, ನಮಗೆ ಮೈಸೂರಿಗಿಂತ ಹತ್ತಿರ. ದೊಡ್ಡ ವಿಮಾನವೂ ಇಳಿಯಬಹುದು. ಆದರೆ ತೆರೆದು ವರ್ಷಗಟ್ಟಲೆ ಆದರೂ ವಿದೇಶಿ ಏರ್‌ಲೈನ್‌ಗಳಿಗೆ ಅಲ್ಲಿ ಪ್ರಯಾಣಿಕರ ಸೇವೆ ನಡೆಸಲು ಅನುಮತಿ ಸಿಗಲಿಲ್ಲ. ಯಾವ ದೇಶದ ಏರ್‌ಲೈನ್ ಇನ್ನೊಂದು ದೇಶದ ಯಾವ ಊರಿಗೆ ಬರಬಹುದು ಎಂಬುದನ್ನು ಎರಡು ಸರ್ಕಾರಗಳು ಒಪ್ಪಂದದಲ್ಲಿ ಬರೆದುಕೊಳ್ಳುತ್ತವೆ. ಹಾಗೆ ಪಟ್ಟಿಯಲ್ಲಿ ಸೇರಿದ ಊರಿಗೆ ‘ಪಾಯಿಂಟ್ ಆಫ್ ಕಾಲ್’ ಅನ್ನುತ್ತಾರೆ. ಆ ಪಟ್ಟಿಯಲ್ಲಿ ಹೆಸರು ಇಲ್ಲದಿದ್ದರೆ ಕಾಂಕ್ರೀಟು, ಗಾಜು, ಎಸ್ಕಲೇಟರ್ ಎಷ್ಟಿದ್ದರೂ ಕೊಲ್ಲಿ ದೇಶದ ಏರ್‌ಲೈನ್ ಬರುವ ಹಾಗಿಲ್ಲ.

‘ರನ್‌ವೇ ಇದ್ದರೆ ನಿಲ್ದಾಣ’ ಅಂತ ಬರೆದರೆ ಅರ್ಧ ಮಾರ್ಕು ಕೊಟ್ಟಾರು. ನಿಲ್ದಾಣಕ್ಕೆ ಅನುಮತಿ ಬೇಕು, ಏರ್‌ಲೈನ್ ಬೇಕು, ಅಲ್ಲಿಗೆ ಹೋಗಲು ರಸ್ತೆಯೂ ಬೇಕು. ರಸ್ತೆ ಅಂದಾಗ ನಮಗೆ ವಿರಾಜಪೇಟೆಯಿಂದ ಕಣ್ಣೂರಿನ ಕಡೆಗೆ ಇಳಿಯುವ ಮಾಕುಟ್ಟ ಘಾಟಿ ನೆನಪಾಗುತ್ತದೆ. 2018ರ ಮಳೆಗೆ ಘಾಟಿ ಕುಸಿದು ವಾರಗಟ್ಟಲೆ ಬಂದ್ ಆಗಿತ್ತು. ಮ್ಯಾಪಿನಲ್ಲಿ 60 ಕಿಲೋಮೀಟರ್ ಅಂತ ಕಂಡರೂ ಜುಲೈ ತಿಂಗಳಲ್ಲಿ ಬರುವ ಅತಿಥಿಗಳಿಗೆ ನಾವು ‘ಎರಡೂವರೆ ಗಂಟೆ ಇಟ್ಟುಕೊಳ್ಳಿ’ ಅನ್ನುತ್ತೇವೆ.

2018ರ ಆಗಸ್ಟ್‌ನಲ್ಲಿ ಪೆರಿಯಾರ್ ನದಿ ಉಕ್ಕಿ ಕೊಚ್ಚಿ ನಿಲ್ದಾಣಕ್ಕೆ ನೀರು ನುಗ್ಗಿತು. 15ರಿಂದ 29ರವರೆಗೆ ಮುಚ್ಚಿತ್ತು. ಆಗ ಕೊಚ್ಚಿಯ ನೌಕಾಪಡೆಯ ವಿಮಾನ ನೆಲೆ ಐಎನ್‌ಎಸ್ ಗರುಡಕ್ಕೆ ಸಣ್ಣ ನಾಗರಿಕ ವಿಮಾನಗಳನ್ನು ಇಳಿಸಿದರು. ವಿಪತ್ತಿನಲ್ಲಿ ನಿಲ್ದಾಣದ ಪಾತ್ರ ಕೇಳಿದರೆ ಈ ಉದಾಹರಣೆ ಬರೆಯಿರಿ. ಸರಕು ಸಾಗಣೆ ಬಗ್ಗೆ ನಮ್ಮ ಜಿಲ್ಲೆಯ ಮಟ್ಟಿಗೆ ಹೇಳುವುದು ಕಡಿಮೆ. ಹೂವು, ತರಕಾರಿ ಬೇಗ ಕೆಡುತ್ತವೆ, ಬೆಂಗಳೂರಿನಿಂದ ವಿಮಾನ ಹತ್ತುತ್ತವೆ. ಕಾಫಿ ಕೆಡುವುದಿಲ್ಲ, ಲಾರಿ ಹತ್ತಿ ಬಂದರಿಗೆ ಹೋಗುತ್ತದೆ. ಕೊಡಗಿಗೆ ವಿಮಾನ ಬೇಕಿರುವುದು ಮನುಷ್ಯರಿಗೆ.

ಈಗ ಸಂಘ

ಐಎಟಿಎ ಹುಟ್ಟಿದ್ದು 1945ರ ಏಪ್ರಿಲ್‌ನಲ್ಲಿ, ಕ್ಯೂಬಾದ ಹವಾನಾದಲ್ಲಿ. ಆಗ 57 ಏರ್‌ಲೈನ್ ಸದಸ್ಯರು, ಈಗ 300ಕ್ಕಿಂತ ಜಾಸ್ತಿ. ನಿಲ್ದಾಣಗಳಿಗೆ ಬೇರೆ ಸಂಘ ಇದೆ: ಎಸಿಐ, 1991ರಿಂದ. ಸರ್ಕಾರಗಳು ಕೂತು ನಿಯಮ ಮಾಡುವ ಐಸಿಎಒ ಇನ್ನೂ ಬೇರೆ. ಅದು ವಿಶ್ವಸಂಸ್ಥೆಯ ವಿಶೇಷ ಸಂಸ್ಥೆ, ಸಂಘ ಅಲ್ಲ. ಹುಡುಗರು ಇಲ್ಲೇ ಜಾಸ್ತಿ ತಪ್ಪು ಮಾಡುತ್ತಾರೆ. ಮೂರರದ್ದೂ ಮುಖ್ಯ ಕಚೇರಿ ಕೆನಡಾದ ಮಾಂಟ್ರಿಯಲ್‌ನಲ್ಲಿ. ನಿಲ್ದಾಣದ ಶುಲ್ಕ ಜಾಸ್ತಿ ಅಂತ ಐಎಟಿಎ, ಖರ್ಚೇ ಜಾಸ್ತಿ ಅಂತ ಎಸಿಐ. ಒಂದೇ ಊರಲ್ಲಿ ಕೂತು ಈ ವಾದ ನಡೆಯುತ್ತಿರುತ್ತದೆ.

ಒಳ್ಳೆಯ ಸಂಘ ಯಾವುದು ಅಂತ ಕೇಳಿದರೆ ಪುಸ್ತಕದಲ್ಲಿ ಹನ್ನೊಂದು ಅಂಶ ಇವೆ. ನಾನು ಒಂದೇ ಪ್ರಶ್ನೆ ಇಟ್ಟುಕೊಂಡಿದ್ದೇನೆ: ಈ ಕೆಲಸ ಒಬ್ಬ ಸದಸ್ಯನಿಂದ ಆಗುತ್ತದಾ? ಆಗುವುದಾದರೆ ಅದನ್ನು ಸಂಘ ಮುಟ್ಟಬಾರದು. ಮಂಚದ ಕೆಳಗೆ ಸಿಕ್ಕ ಪಟ್ಟಿಯನ್ನೇ ನೋಡಿ. ಒಂದೊಂದು ಏರ್‌ಲೈನ್ ಕಣ್ಣೂರಿಗೆ ಒಂದೊಂದು ಗುರುತು ಇಟ್ಟರೆ ಲಗೇಜ್ ಎಲ್ಲಿಗೆ ಹೋಗಬೇಕು? ಎಲ್ಲರೂ ಒಂದೇ ಗುರುತು ಒಪ್ಪಬೇಕು. ಆ 10 ಅಂಕಿಯ ಒಳಗೆ ಮೂರು ಅಂಕಿ ಏರ್‌ಲೈನಿನ ಗುರುತು, ಕೊನೆಯ ಆರು ಆ ಲಗೇಜಿನ ಕ್ರಮಸಂಖ್ಯೆ. 1947ರಲ್ಲಿ ಶುರುವಾದ ಐಎಟಿಎ ಕ್ಲಿಯರಿಂಗ್ ಹೌಸ್ ಕೂಡ ಇಂಥದ್ದೇ. ಒಂದೇ ಟಿಕೆಟ್‌ನಲ್ಲಿ ಎರಡು ಏರ್‌ಲೈನ್ ಹತ್ತಿದರೆ ಅವರವರ ಪಾಲಿನ ಲೆಕ್ಕ ಅಲ್ಲಿ ಚುಕ್ತಾ ಆಗುತ್ತದೆ. ಎಸಿಐ ಬೇರೆ ಬೇರೆ ನಿಲ್ದಾಣಗಳ ಪ್ರಯಾಣಿಕರಿಗೆ ಒಂದೇ ಪ್ರಶ್ನೆಗಳನ್ನು ಕೇಳಿ ಸಮೀಕ್ಷೆ ನಡೆಸುತ್ತದೆ. ಒಂದು ನಿಲ್ದಾಣ ತನ್ನಷ್ಟಕ್ಕೆ ಕೇಳಿಕೊಂಡರೆ ಇನ್ನೊಬ್ಬರ ಜೊತೆ ಹೋಲಿಸಲು ಆಗುವುದಿಲ್ಲವಲ್ಲ.

ನಮ್ಮ ಕಡೆಯದ್ದೂ ಹೇಳುತ್ತೇನೆ. ಜನವರಿಯಲ್ಲಿ ದೊಡ್ಡಪ್ಪ ನನ್ನನ್ನು ಸುತ್ತಲಿನ ಹೋಂಸ್ಟೇಯವರ ಸಭೆಗೆ ಕರೆದುಕೊಂಡು ಹೋದರು. ‘ನಿನ್ನ ಅಕ್ಷರ ಚೆನ್ನಾಗಿದೆ, ನಡಾವಳಿ ಬರಿ’ ಅಂದರು. ಪ್ಲಾಸ್ಟಿಕ್ ಕುರ್ಚಿ, ಬೆಲ್ಲದ ಕಾಫಿ, ಹಾಜರಿ ಪುಸ್ತಕಕ್ಕೆ ಸಹಿ. ವರ್ಷದ ಲೆಕ್ಕ ಎರಡು ನಿಮಿಷದಲ್ಲಿ ಓದಿ ಮುಗಿಸಿದರು. ಹೋದ ಸಭೆಯ ಊಟದ ಬಿಲ್ಲಿನ ಮೇಲೆ ಮಾತ್ರ ಅರ್ಧ ಗಂಟೆ ಜಗಳ! ಆಮೇಲೆ ಒಬ್ಬರು ಎದ್ದು ನಿಂತು, ‘ಕ್ರಿಸ್ಮಸ್ ವಾರದಲ್ಲಿ ಯಾರೂ 3,000ಕ್ಕಿಂತ ಕಡಿಮೆಗೆ ರೂಮು ಕೊಡಬಾರದು, ಕೊಟ್ಟವರನ್ನು ಸಂಘದಿಂದ ತೆಗೆಯಿರಿ’ ಅಂದರು. ಚಪ್ಪಾಳೆ ಬಿತ್ತು. ನಾನು ಬರೆಯದೆ ಪೆನ್ನು ಎತ್ತಿದೆ.

ಏಕೆಂದರೆ ಅದನ್ನು ನಡಾವಳಿಯಲ್ಲಿ ಬರೆದರೆ ನಾವೇ ನಮ್ಮ ವಿರುದ್ಧ ಸಾಕ್ಷಿ ಬರೆದಂತೆ. 2002ರ ಸ್ಪರ್ಧಾ ಕಾಯ್ದೆಯ 3ನೇ ಕಲಂ ಪ್ರಕಾರ ಸ್ಪರ್ಧಿಗಳು ಸೇರಿ ಬೆಲೆ ಗೊತ್ತು ಮಾಡುವಂತಿಲ್ಲ, ಸಂಘದ ಹೆಸರಿನಲ್ಲಿ ಮಾಡಿದರೂ ಅಷ್ಟೇ. 2012ರಲ್ಲಿ ಸ್ಪರ್ಧಾ ಆಯೋಗ ಹಲವು ಸಿಮೆಂಟ್ ಕಂಪನಿಗಳ ಜೊತೆ ಅವರ ಸಂಘಕ್ಕೂ ದಂಡ ಹಾಕಿತು. ಮೇಲ್ಮನವಿ ಆಗಿ ಪ್ರಕರಣ ವಾಪಸ್ ಬಂದಾಗ 2016ರಲ್ಲೂ ಆಯೋಗ ಅದೇ ತೀರ್ಮಾನಕ್ಕೆ ಬಂತು. ಬೆಲೆಯ ಮಾಹಿತಿ ಹಂಚಿಕೊಳ್ಳಲು ಸಂಘ ವೇದಿಕೆಯಾಗಿತ್ತು ಎಂಬುದು ಆರೋಪದ ತಿರುಳು. ತಮಾಷೆ ಅಂದರೆ ಐಎಟಿಎ ಕೂಡ 1970ರ ದಶಕದ ಕೊನೆಯವರೆಗೆ ಅಂತರರಾಷ್ಟ್ರೀಯ ಟಿಕೆಟ್ ದರಗಳನ್ನು ಸದಸ್ಯರ ಸಭೆಯಲ್ಲೇ ಗೊತ್ತು ಮಾಡುತ್ತಿತ್ತು. ಸರ್ಕಾರಗಳ ಒಪ್ಪಿಗೆ ಇತ್ತು, ನಡೆಯಿತು. ಕಾಲ ಬದಲಾಯಿತು, ಆ ಪಾತ್ರ ಸವೆಯಿತು. ಕೋಡು, ಲೆಕ್ಕ ಚುಕ್ತಾ ಮಾಡುವ ಕೆಲಸ ಉಳಿಯಿತು.

ಸಭೆಯಲ್ಲಿ ನಾನು ಮೆತ್ತಗೆ ಹೇಳಿದ್ದಕ್ಕೆ ‘ಓದಿದವರು ಹೀಗೇ’ ಅಂತ ನಕ್ಕರು. ಆದರೂ ಆ ನಿರ್ಣಯ ಬರೆಸಲಿಲ್ಲ. ಮಾಕುಟ್ಟ ರಸ್ತೆ ಬಗ್ಗೆ ಲೋಕೋಪಯೋಗಿ ಇಲಾಖೆಗೆ ಪತ್ರ, ಕಣ್ಣೂರಿನಿಂದ ಬರುವ ಅತಿಥಿಗಳಿಗೆ ಒಟ್ಟಿಗೆ ಟ್ಯಾಕ್ಸಿ, ಇವೆರಡು ವಿಷಯ ಬರುವ ಹೊತ್ತಿಗೆ ಅರ್ಧ ಕುರ್ಚಿ ಖಾಲಿ. ನನ್ನ ಪ್ರಕಾರ ಸಂಘ ಇರುವುದೇ ಅವೆರಡಕ್ಕೆ. ಎರಡು ರೂಮಿನವರ ಪತ್ರಕ್ಕೆ ಇಲಾಖೆ ಉತ್ತರ ಕೊಡುತ್ತದಾ? ಮತ್ತೊಂದು ವಿಷಯ: ದೊಡ್ಡ ರೆಸಾರ್ಟಿನವರು ಜಾಸ್ತಿ ಚಂದಾ ಕೊಡಲಿ, ತಪ್ಪಿಲ್ಲ. ಆದರೆ ಚಂದಾ ಜಾಸ್ತಿ ಅಂತ ಮತವೂ ಜಾಸ್ತಿಯಾದರೆ ಸಣ್ಣವರು ಮುಂದಿನ ವರ್ಷ ಬರುವುದಿಲ್ಲ. ಆಮೇಲೆ ‘ಇಡೀ ಉದ್ಯಮದ ಪರವಾಗಿ’ ಅಂತ ಪತ್ರ ಬರೆದರೆ ಯಾರೂ ನಂಬುವುದಿಲ್ಲ.

ಗೊಂದಲ ಬೇಡ

ಕಾಫಿ ಬೋರ್ಡ್ ಉದ್ಯಮ ಸಂಘ ಅಲ್ಲ, 1942ರ ಕಾಫಿ ಕಾಯ್ದೆಯ ಕೆಳಗಿನ ಶಾಸನಬದ್ಧ ಸಂಸ್ಥೆ. 1893ರಲ್ಲಿ ಹುಟ್ಟಿ ಕೂನೂರಿನಲ್ಲಿ ಕಚೇರಿ ಇಟ್ಟುಕೊಂಡಿರುವ ಉಪಾಸಿ ಮಾತ್ರ ತೋಟದವರು ತಾವಾಗಿ ಕಟ್ಟಿದ ಸಂಘ. ಜೇನು, ಕಿತ್ತಳೆಯ ಸಹಕಾರ ಸಂಘಗಳು ಮೂರನೇ ಬಗೆ: ಸದಸ್ಯರ ಮಾಲು ಕೊಂಡು ಮಾರುತ್ತವೆ. ಸೇರಲೇಬೇಕಾ, ಇಷ್ಟವಿದ್ದರೆ ಸೇರಬಹುದಾ, ವ್ಯಾಪಾರ ಮಾಡುತ್ತದಾ ಅಂತ ಕೇಳಿಕೊಂಡರೆ ಯಾವುದು ಯಾವ ಬಗೆ ಅಂತ ತಿಳಿಯುತ್ತದೆ.

ಅಭ್ಯಾಸಕ್ಕೆ ಒಂದು ಪ್ರಶ್ನೆ. ಕುಶಾಲನಗರದ ಹತ್ತಿರ ಕುಡಿಗೆ ಕಡೆ ಒಂದು ಏರ್‌ಸ್ಟ್ರಿಪ್ ಬೇಕು ಎಂಬ ಮಾತು ಆಗಾಗ ಎದ್ದು ಮಲಗುತ್ತದೆ. ಎಟಿಆರ್-72ಕ್ಕೆ ಸಮುದ್ರ ಮಟ್ಟದಲ್ಲಿ ಪೂರ್ತಿ ಹೊರೆಯೊಂದಿಗೆ ಏಳಲು ಸುಮಾರು 1,300 ಮೀಟರ್ ಬೇಕು. ಕುಡಿಗೆ ಸುಮಾರು 800 ಮೀಟರ್ ಎತ್ತರದಲ್ಲಿದೆ, ಮೈಸೂರು ನಿಲ್ದಾಣ ಅಲ್ಲಿಂದ ಎರಡು ಗಂಟೆ ದಾರಿ. ಯಾರು ಹತ್ತುತ್ತಾರೆ, ಯಾರು ದುಡ್ಡು ಕೊಡುತ್ತಾರೆ, ಯಾವ ಸಂಘ ಯಾರ ಪರವಾಗಿ ಏನು ಕೇಳಬೇಕು? ಎರಡು ಪುಟ ಬರೆದು ತನ್ನಿ, ಬದಲಾಯಿಸಿಕೊಂಡು ತಿದ್ದೋಣ.