ರಿಪೋರ್ಟ್ ನಾರ್ಮಲ್, ನೋವು ಮಾತ್ರ ಕೆರಳಿದೆ

ಗಣೇಶ ಚತುರ್ಥಿ ಮುಗಿದು ನಾಲ್ಕೈದು ದಿನ ಕಳೆಯುವಷ್ಟರಲ್ಲಿ ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಸಂಧಿವಾತ ಕ್ಲಿನಿಕ್ಕಿಗೆ ಒಂದೇ ಬಗೆಯ ದೂರು ಹೊತ್ತವರು ಹೆಚ್ಚಾಗಿ ಬರುತ್ತಾರೆ. ಹಬ್ಬಕ್ಕೆಂದು ವಾರವಿಡೀ ಮನೆ ತೊಳೆದು, ಚಕ್ಕುಲಿ ಉಂಡೆ ಮಾಡಿ, ಬಂದ ನೆಂಟರಿಗೆಲ್ಲ ಬಡಿಸಿದವರು ಈಗ ಹಾಸಿಗೆಯಿಂದ ಏಳಲಾರರು. ಭುಜ, ಸೊಂಟ, ಬೆರಳ ಗಿಣ್ಣು, ತೊಡೆ ಎಲ್ಲವೂ ಒಟ್ಟಿಗೆ ನೋಯುತ್ತಿವೆ. ಕೈಯಲ್ಲಿ ದಪ್ಪ ಫೈಲು. ಇಎಸ್‌ಆರ್, ಸಿಆರ್‌ಪಿ, ಯೂರಿಕ್ ಆಸಿಡ್, ಥೈರಾಯ್ಡ್, ಯಾವುದರಲ್ಲೂ ತೊಂದರೆಯಿಲ್ಲ.

"ಡಾಕ್ಟ್ರೇ, ರಿಪೋರ್ಟಿನಲ್ಲಿ ಎಂತದೂ ಇಲ್ಲವಂತೆ. ಮತ್ತೆ ಈ ನೋವು ಬರುವುದು ಎಲ್ಲಿಂದ?" ಎಂದು ಮಂಗಳೂರು, ಉಡುಪಿ ಕಡೆಯವರು ಕೇಳುತ್ತಾರೆ. ವಿಜಯಪುರದ ಕಡೆಯವರು, "ಮೈಯೆಲ್ಲಾ ಕಡ್ಯಾಕತ್ತೈತ್ರಿ, ಮನ್ಯಾಗ ಯಾರೂ ನಂಬಂಗಿಲ್ರಿ" ಎನ್ನುತ್ತಾರೆ. ಈ ಎರಡನೆಯ ಮಾತು ನನ್ನನ್ನು ಹೆಚ್ಚು ಕಾಡುತ್ತದೆ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ರಿಪೋರ್ಟ್ ನಾರ್ಮಲ್ ಬಂದ ಮಾತ್ರಕ್ಕೆ ನೋವು ಸುಳ್ಳಾಗುವುದಿಲ್ಲ.

ಇಎಸ್‌ಆರ್, ಸಿಆರ್‌ಪಿ ಅಳೆಯುವುದು ಉರಿಯೂತವನ್ನು. ನೋವನ್ನು ಅಳೆಯುವ ರಕ್ತಪರೀಕ್ಷೆ ಇನ್ನೂ ಬಂದಿಲ್ಲ. ಕೀಲಿನಲ್ಲಾಗಲಿ ಸ್ನಾಯುವಿನಲ್ಲಾಗಲಿ ಹಾನಿ ಕಾಣದಿದ್ದರೂ ಬೆನ್ನುಹುರಿ ಮತ್ತು ಮೆದುಳಿನಲ್ಲಿ ನೋವಿನ ಸಂದೇಶ ಹೊತ್ತೊಯ್ಯುವ ವ್ಯವಸ್ಥೆ ಅತಿ ಸೂಕ್ಷ್ಮವಾಗಿಬಿಡಬಹುದು. ಸೊಸೈಟಿಯಲ್ಲಿ ಒಮ್ಮೆ ಕಳ್ಳತನವಾದ ಮೇಲೆ ವಾಚ್‌ಮನ್ ದಿನಾ ಕಾಣುವ ಹಾಲಿನವನನ್ನೂ ತಡೆದು ವಿಚಾರಿಸುತ್ತಾನಲ್ಲ, ಹಾಗೆ. ಜಾಗತಿಕ ನೋವು ಅಧ್ಯಯನ ಸಂಘವು 2017ರಲ್ಲಿ ಇಂಥ ನೋವನ್ನು 'ನೋಸಿಪ್ಲಾಸ್ಟಿಕ್' ಎಂಬ ಪ್ರತ್ಯೇಕ ವರ್ಗವಾಗಿ ಒಪ್ಪಿಕೊಂಡಿತು. ಮೈಯ ಹಲವೆಡೆ ನೋವು, ಜೊತೆಗೆ ಆಯಾಸ, ನಿದ್ರೆಗೇಡು ಬಹುಕಾಲ ಉಳಿಯುವ ಫೈಬ್ರೋಮಯಾಲ್ಜಿಯಾ ಈ ವರ್ಗಕ್ಕೇ ಸೇರುತ್ತದೆ. ಅದನ್ನು ಗುರುತಿಸಲು 1990ರ ಮಾನದಂಡದ ಪ್ರಕಾರ ಮೈಮೇಲಿನ 18 ಜಾಗಗಳನ್ನು ಒತ್ತಿ, ಕನಿಷ್ಠ 11ರಲ್ಲಿ ನೋವಿದೆಯೇ ಎಂದು ನೋಡುತ್ತಿದ್ದೆವು. 2010ರ ನಂತರ ಆ ಲೆಕ್ಕ ಹಿಂದೆ ಸರಿಯಿತು. ಎಲ್ಲೆಲ್ಲಿ ನೋವು, ನಿದ್ರೆ ಹೇಗಿದೆ, ಆಯಾಸ ಎಷ್ಟು, ಮರೆವು ಇದೆಯೇ, ಇವೆಲ್ಲ ಮೂರು ತಿಂಗಳಿಗೂ ಮೀರಿ ಉಳಿದಿವೆಯೇ ಎಂದು ಕೇಳಿ ನಿರ್ಧರಿಸುತ್ತೇವೆ. ಅಂದರೆ ರೋಗಿಯ ಮಾತೇ ಇಲ್ಲಿ ಮುಖ್ಯ ಪರೀಕ್ಷೆ.

ಹಾಗೆಂದು ಎಲ್ಲ ನೋವನ್ನೂ ಈ ಖಾತೆಗೆ ಬರೆಯಲಾಗದು. ಅದರಲ್ಲೂ ಮುಂಬಯಿಯ ಮಳೆಗಾಲದಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜ್ವರದ ಜೊತೆ ಹೊಸದಾಗಿ ಮೈಕೈ ನೋವು ಬಂದರೆ ಅದು ಹಳೆಯದೇ ಕೆರಳಿದ್ದು ಎಂದು ಮನೆಯಲ್ಲಿ ಕೂರಬೇಡಿ. ಕುರ್ಲಾದಲ್ಲೋ ಹಿಂದಮಾತಾದಲ್ಲೋ ನಿಂತ ನೀರಿನಲ್ಲಿ ನಡೆದು ಬಂದವರಿಗೆ ಕೆಲವೇ ದಿನಗಳಲ್ಲಿ ಜ್ವರ, ಮೀನಖಂಡದಲ್ಲಿ ತಡೆಯಲಾರದ ನೋವು, ಕಣ್ಣು ಕೆಂಪಾಗುವುದು ಕಂಡರೆ ಇಲಿಜ್ವರದ ಅನುಮಾನ ಬರಬೇಕು. ಅದಕ್ಕೆ ಆಂಟಿಬಯಾಟಿಕ್ ಬೇಗ ಶುರುವಾದಷ್ಟೂ ಒಳ್ಳೆಯದು. ಡೆಂಗೆಯ ಸಂಶಯವಿದ್ದಾಗ ಡೈಕ್ಲೊಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್‌ನಂಥ ನೋವಿನ ಮಾತ್ರೆ ನುಂಗಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಪ್ಯಾರಾಸಿಟಮಾಲ್ ಒಂದೇ ಸಾಕು, ಅದೂ ವೈದ್ಯರು ಹೇಳಿದ ಮಿತಿಯಲ್ಲಿ. ಚಿಕುನ್‌ಗುನ್ಯ ಜ್ವರ ವಾರದಲ್ಲಿ ಇಳಿದರೂ ಸಂದುನೋವು ತಿಂಗಳುಗಟ್ಟಲೆ ಉಳಿಯಬಹುದು, ಕೆಲವರಿಗೆ ವರ್ಷ ದಾಟುತ್ತದೆ. ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1973ರಲ್ಲಿ ಹಬ್ಬಿದ ಈ ಜ್ವರ, ಆಮೇಲೆ ದಶಕಗಳ ಕಾಲ ತಣ್ಣಗಿದ್ದು 2005-06ರಲ್ಲಿ ಮತ್ತೆ ದೇಶವನ್ನು ಹಿಡಿಯಿತು. ಹಾಗಾಗಿ ಹಿಂದಿನ ವರ್ಷದ ಜ್ವರದ ಬಗ್ಗೆಯೂ ನಾನು ಕೇಳುತ್ತೇನೆ.

ಇನ್ನು ಕೆಲವು ಲಕ್ಷಣಗಳಿಗೆ ಅಪಾಯಿಂಟ್‌ಮೆಂಟ್ ಕಾಯುವಂತೆಯೇ ಇಲ್ಲ. ಒಂದೇ ಕೀಲು ಬಿಸಿಯಾಗಿ, ಕೆಂಪಾಗಿ ಊದಿ ಜ್ವರವೂ ಇದ್ದರೆ ಅಂದೇ ಆಸ್ಪತ್ರೆಗೆ ಹೋಗಿ. ಒಳಗೆ ಕೀವು ತುಂಬಿದ್ದರೆ ಕೆಲವೇ ದಿನಗಳಲ್ಲಿ ಕೀಲು ಹಾಳಾಗುತ್ತದೆ. ಐವತ್ತು ದಾಟಿದವರಿಗೆ ಭುಜ, ಸೊಂಟ ಬಿಗಿದುಕೊಂಡು, ಜೊತೆಗೆ ಹೊಸ ತಲೆನೋವು, ಅಗಿಯುವಾಗ ದವಡೆ ನೋವು, ಕಣ್ಣು ಮಂಜಾಗುವುದು ಶುರುವಾದರೆ ಅದೂ ತುರ್ತೇ, ದೃಷ್ಟಿ ಹೋಗುವ ಅಪಾಯವಿದೆ. ನೋವಿಗಿಂತ ಶಕ್ತಿಯೇ ಕುಂದಿ, ಕುರ್ಚಿಯಿಂದ ಏಳಲು, ತಲೆ ಬಾಚಲು ಆಗದಿದ್ದರೂ ಬೇಗ ತೋರಿಸಿ. ಬೆಳಿಗ್ಗೆ ಬೆರಳುಗಳು ಒಂದು ಗಂಟೆಗೂ ಹೆಚ್ಚು ಹೊತ್ತು ಬಿಗಿದಿದ್ದು ಗಿಣ್ಣುಗಳು ಊದುತ್ತಿದ್ದರೆ, ಆರ್‌ಎ ಫ್ಯಾಕ್ಟರ್ ಎಂಬ ರಕ್ತಪರೀಕ್ಷೆ ನೆಗೆಟಿವ್ ಇದ್ದರೂ ರುಮಟಾಯ್ಡ್ ಸಂಧಿವಾತ ಇರಬಹುದು. ಆ ಪರೀಕ್ಷೆ ಪಾಸಿಟಿವ್ ಬಂದವರೆಲ್ಲ ರೋಗಿಗಳೂ ಅಲ್ಲ. ಕೊಲೆಸ್ಟ್ರಾಲ್ ಮಾತ್ರೆಯಿಂದ, ವಿಟಮಿನ್ ಡಿ ಕೊರತೆಯಿಂದ ಸ್ನಾಯು ನೋಯುವುದೂ ಉಂಟು.

ಇವನ್ನೆಲ್ಲ ನೋಡಿಯಾಯಿತು, ಏನೂ ಸಿಗಲಿಲ್ಲ, ಆದರೂ ನೋವು ಆಗಾಗ ಕೆರಳುತ್ತದೆ ಎನ್ನುವವರಿಗೆ ನಾನು ಹೇಳುವುದು ಒಂದೇ ವಿಷಯ. ನೋವಿನ ದಿನದ ಚಿಕಿತ್ಸೆಯನ್ನು ನೋವಿಲ್ಲದ ದಿನವೇ ಮಾಡಬೇಕು. ಒಳ್ಳೆಯ ದಿನ ಬಂತೆಂದರೆ ನಮ್ಮ ಹೆಂಗಸರು ಬಾಕಿ ಉಳಿದ ಕೆಲಸವನ್ನೆಲ್ಲ ಅಂದೇ ಎಳೆದುಕೊಳ್ಳುತ್ತಾರೆ. ನಲ್ಲಿ ನೀರು ನಿಲ್ಲುವ ಮೊದಲು ಬಕೆಟ್‌ಗಟ್ಟಲೆ ಬಟ್ಟೆ, ಆಮೇಲೆ ಕಪಾಟು, ಸಂಜೆ ಎರಡು ಕೈಯಲ್ಲೂ ತರಕಾರಿ ಚೀಲ ಹಿಡಿದು ಸ್ಟೇಷನ್ ಸೇತುವೆ ಹತ್ತುವುದು. ಮೂರನೆಯ ದಿನ ಮೈ ಬಿದ್ದುಹೋಗುತ್ತದೆ. ಮತ್ತೆ ನಾಲ್ಕು ದಿನ ಹಾಸಿಗೆ. ಅಷ್ಟರಲ್ಲಿ ಸ್ನಾಯು ಇನ್ನಷ್ಟು ಸೊರಗುತ್ತದೆ, ಮುಂದಿನ ಸಲ ಅದಕ್ಕಿಂತ ಕಡಿಮೆ ಕೆಲಸಕ್ಕೇ ನೋವು ಏಳುತ್ತದೆ. ಇದು ಸೋಮಾರಿತನದ ಕಥೆಯೇ ಅಲ್ಲ. ನಾನು ಕಂಡ ಇಂಥ ರೋಗಿಗಳಲ್ಲಿ ಹೆಚ್ಚಿನವರು ಮೈಮುರಿದು ದುಡಿಯುವವರೇ.

ಮಾಡಬೇಕಾದದ್ದು ಹೀಗೆ. ಒಂದು ಕೆಲಸ ಆರಿಸಿಕೊಳ್ಳಿ, ಉದಾಹರಣೆಗೆ ಅಡುಗೆಮನೆಯಲ್ಲಿ ನಿಲ್ಲುವುದು. ಸಾಧಾರಣ ದಿನ ಎಷ್ಟು ಹೊತ್ತು ನಿಂತರೆ ಮರುದಿನ ತೊಂದರೆಯಾಗುವುದಿಲ್ಲ ಎಂದು ಒಂದು ವಾರ ಗಮನಿಸಿ. ಇಪ್ಪತ್ತು ನಿಮಿಷ ಎಂದಾದರೆ ಅದೇ ನಿಮ್ಮ ಅಳತೆ. ಒಳ್ಳೆಯ ದಿನವೂ ಇಪ್ಪತ್ತಕ್ಕೇ ಕುಳಿತುಕೊಳ್ಳಿ. ನೋವು ಬಂದ ಮೇಲೆ ನಿಲ್ಲಿಸಿದರೆ ತಡವಾಯಿತು; ಗಡಿಯಾರ ನೋಡಿ ನಿಲ್ಲಿಸಿ. ವಾರ ಎರಡು ವಾರ ಹಾಗೇ ನಡೆದರೆ ಎರಡು ನಿಮಿಷ ಸೇರಿಸಿ. ಚಪಾತಿ ಲಟ್ಟಿಸುವುದನ್ನು ಕುಳಿತು ಮಾಡಿ, ಬಟ್ಟೆಯನ್ನು ದಿನಕ್ಕಿಷ್ಟೆಂದು ಹಂಚಿ. ಸಾಧ್ಯವಾದರೆ ಇಪ್ಪತ್ತು ನಿಮಿಷ ಮೊದಲೇ ಹೊರಟು ಡೊಂಬಿವಲಿಯಿಂದಲೇ ಹೊರಡುವ ಸ್ಲೋ ಲೋಕಲ್‌ನಲ್ಲಿ ಕುಳಿತು ಹೋಗಿ. ಫಾಸ್ಟ್‌ನಲ್ಲಿ ಒಂದು ಕಾಲ ಮೇಲೆ ನಿಂತು ಉಳಿಸಿದ ಸಮಯಕ್ಕೆ ಮರುದಿನ ರಜೆ ಹಾಕಬೇಕಾಗುತ್ತದೆ. ಹಬ್ಬದ ಕೆಲಸವನ್ನೂ ಹೀಗೇ ಒಂದು ತಿಂಗಳ ಮೊದಲಿಂದ ಹರಡಿ.

ಹೋಟೆಲಿನಲ್ಲಿ ಕಾವಲಿಯ ಮುಂದೆ ನಿಲ್ಲುವ ಹುಡುಗರಿಗೆ ಈ ಸ್ವಾತಂತ್ರ್ಯವಿಲ್ಲ ಎಂಬುದು ನನಗೆ ಗೊತ್ತು. ಅವರ ಮೊದಲ ಕೊರತೆ ನಿದ್ರೆ. ರಾತ್ರಿ ಹನ್ನೆರಡಕ್ಕೆ ಬಾಗಿಲು ಹಾಕಿ ಬೆಳಿಗ್ಗೆ ಐದಕ್ಕೆ ಎದ್ದರೆ ಯಾವ ಮಾತ್ರೆಯೂ ನಾಟುವುದಿಲ್ಲ. ಕೆನಡಾದ ಸಂಶೋಧಕ ಮೊಲ್ಡೋಫ್ಸ್ಕಿ ಮತ್ತು ಸಂಗಡಿಗರು 1975ರಲ್ಲೇ ಆರೋಗ್ಯವಂತ ವಿದ್ಯಾರ್ಥಿಗಳ ಗಾಢನಿದ್ರೆಯನ್ನು ಪದೇಪದೇ ಕದಡಿ ನೋಡಿದಾಗ, ಅವರಿಗೂ ಇಂಥದೇ ಸ್ನಾಯುನೋವು ಕಾಣಿಸಿತು. ಹೋಟೆಲ್ ಮಾಲೀಕರು ಇದನ್ನು ಓದುತ್ತಿದ್ದರೆ ನನ್ನ ಕೋರಿಕೆ ಇಷ್ಟು: ರಾತ್ರಿ ಪಾಳಿ ಮುಗಿಸಿದವನನ್ನೇ ಬೆಳಗಿನ ಪಾಳಿಗೆ ಎಬ್ಬಿಸಬೇಡಿ.

ಎಷ್ಟು ಜಾಗ್ರತೆ ಮಾಡಿದರೂ ನೋವು ಕೆರಳುವ ದಿನ ಬರುತ್ತದೆ. ಅಂದು ಕೆಲಸವನ್ನು ಅರ್ಧಕ್ಕಿಳಿಸಿ, ಪೂರ್ತಿ ಬಿಡಬೇಡಿ. ಗಂಟೆಗೊಮ್ಮೆ ಎದ್ದು ಮನೆಯೊಳಗೇ ನಾಲ್ಕು ಹೆಜ್ಜೆ ಹಾಕಿ, ಭುಜ, ಮಣಿಕಟ್ಟು, ಮೊಣಕಾಲು ನಿಧಾನಕ್ಕೆ ಆಡಿಸಿ. ಬಿಗಿದ ಸ್ನಾಯುವಿಗೆ ಹದಿನೈದು ಇಪ್ಪತ್ತು ನಿಮಿಷ ಬಿಸಿನೀರಿನ ಶಾಖ ಹಿತ. ಊದಿ ಬಿಸಿಯಾದ ಕೀಲಿಗೆ ಬಟ್ಟೆಯಲ್ಲಿ ಸುತ್ತಿದ ಐಸು. ಹಗಲು ಉದ್ದಕ್ಕೆ ಮಲಗಿದರೆ ರಾತ್ರಿಯ ನಿದ್ರೆ ಕೆಡುತ್ತದೆ. ಸಾಮಾನ್ಯವಾಗಿ ಕೆರಳಿದ ನೋವು ಕೆಲವು ದಿನಗಳಲ್ಲಿ, ತಪ್ಪಿದರೆ ವಾರ ಎರಡು ವಾರದಲ್ಲಿ ಇಳಿಯುತ್ತದೆ. ಇಳಿದ ಮೇಲೆ ಹಳೆಯ ಅಳತೆಗೆ ಒಂದೇ ಸಲ ಹಾರದೆ ಮೆಟ್ಟಿಲು ಮೆಟ್ಟಿಲಾಗಿ ಮರಳಿ. ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟವು 2016ರಲ್ಲಿ ಫೈಬ್ರೋಮಯಾಲ್ಜಿಯಾದ ಚಿಕಿತ್ಸೆಗಳನ್ನೆಲ್ಲ ತೂಗಿ ನೋಡಿ, ಬಲವಾಗಿ ಶಿಫಾರಸು ಮಾಡಿದ್ದು ವ್ಯಾಯಾಮ ಒಂದನ್ನೇ. ನಮ್ಮವರಿಗೆ ನಡಿಗೆಗಿಂತ ಅಗ್ಗದ, ಸುಲಭದ ವ್ಯಾಯಾಮ ಇನ್ನೊಂದಿಲ್ಲ.

ಮಾತ್ರೆಯ ಬಗ್ಗೆ ಎರಡು ಮಾತು. ಇಂಥ ನೋವಿಗೆ ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್ ಹೆಚ್ಚೇನೂ ಮಾಡುವುದಿಲ್ಲ. ದಿನಾ ನುಂಗಿದರೆ ಹೊಟ್ಟೆಗೂ ಕಿಡ್ನಿಗೂ ಪೆಟ್ಟು. ಹೆಸರಿಲ್ಲದ ಪುಡಿ, ಪೊಟ್ಟಣದ ಗುಳಿಗೆ ತಿಂದು ಎರಡೇ ದಿನದಲ್ಲಿ ಪೂರ್ತಿ ಗುಣವಾಯಿತೆಂದರೆ ಅದರಲ್ಲಿ ಸ್ಟೀರಾಯ್ಡ್ ಇದೆಯೆಂದೇ ನಾನು ಅನುಮಾನಿಸುತ್ತೇನೆ. ಅದು ನಿಜವಾದ ರೋಗವನ್ನು ಮರೆಮಾಡುತ್ತದೆ, ತಿಂಗಳುಗಟ್ಟಲೆ ತಿಂದು ಥಟ್ಟನೆ ಬಿಟ್ಟರೂ ಅಪಾಯ. ರಾತ್ರಿಗೆಂದು ನಾವು ಸಣ್ಣ ಪ್ರಮಾಣದಲ್ಲಿ ಬರೆಯುವ ಅಮಿಟ್ರಿಪ್ಟಿಲಿನ್ ಕಂಡು, ಇದು ಡಿಪ್ರೆಶನ್ ಮಾತ್ರೆ ಎಂದು ಯಾರೋ ಹೇಳಿದ್ದಕ್ಕೆ ಬಿಟ್ಟುಬಿಡುವವರಿದ್ದಾರೆ. ಅದನ್ನು ಕೊಡುವುದು ನೋವಿನ ಸಂದೇಶವನ್ನು ತಗ್ಗಿಸಲು, ನಿದ್ರೆ ಸರಿಪಡಿಸಲು. ಬಿಡುವ ಮೊದಲು ಒಂದು ಫೋನ್ ಮಾಡಿ.

ತೋರಿಸಲು ಬರುವಾಗ ಫೈಲಿನ ಜೊತೆ ಒಂದು ಪುಟದ ಬರಹ ತನ್ನಿ. ನೋವು ಕೆರಳಿದ ತಾರೀಕು, ಹಿಂದಿನ ಎರಡು ದಿನ ಮಾಡಿದ ಕೆಲಸ, ನಿದ್ರೆಯ ಗಂಟೆ, ಮುಟ್ಟಿನ ದಿನ, ತಿಂದ ಮಾತ್ರೆ, ಇಷ್ಟಿದ್ದರೆ ಸಾಕು. ಊತ ಕಂಡ ಕೂಡಲೇ ಎರಡೂ ಕೈಗಳನ್ನು ಪಕ್ಕಪಕ್ಕ ಇಟ್ಟು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಅಪಾಯಿಂಟ್‌ಮೆಂಟಿನ ಹೊತ್ತಿಗೆ ಅದು ಇಳಿದಿರುತ್ತದೆ. ಇಂದು ಕಾರಣ ಸಿಗದ ನೋವು ಮುಂದೊಂದು ದಿನ ಊತವಾಗಿಯೋ ಚರ್ಮದ ಮೇಲಿನ ಕಲೆಯಾಗಿಯೋ ಹೊರಬಂದು, ಹೆಸರು ಪಡೆಯುವುದುಂಟು. ಆದ್ದರಿಂದ ಹೊಸದೇನಾದರೂ ಕಂಡರೆ ಹಿಂದಿನ ರಿಪೋರ್ಟ್ ನಾರ್ಮಲ್ ಇತ್ತೆಂದು ಸುಮ್ಮನಿರದೆ ಮತ್ತೆ ಬನ್ನಿ.